ಮಗ್ಗದ ಗುಂಡಿಯಲ್ಲಿ ನೀರು

"ಗುರುಗಳೇ, ಈ ಸಲ ನಾನು ಮತ ಹಾಕುವುದಿಲ್ಲ," ಎಂದ ಶಿಷ್ಯ. "ನಮ್ಮವರು ಎಂದು ನಂಬಿದ್ದೆವು. ಚುನಾವಣೆ ಹತ್ತಿರ ಬಂದ ಕೂಡಲೇ ಎದುರಾಳಿಯ ಜೊತೆ ಕೂತು ರಾಜಿ ಮಾಡಿಕೊಂಡರು. ಕೇಳಿದ್ದರಲ್ಲಿ ಅರ್ಧ ಬಿಟ್ಟುಕೊಟ್ಟರು. ಅಂಥವರಿಗೆ ಮತ ಹಾಕಿ ಕೈ ಕೊಳೆ ಮಾಡಿಕೊಳ್ಳುವ ಬದಲು ಮನೆಯಲ್ಲಿ ಕೂರುವುದೇ ಧರ್ಮವಲ್ಲವೇ?"

ಮಠದ ಹೊರಗೆ ಪ್ರಚಾರದ ಆಟೋ ಒಂದು ಕಿರುಚಿಕೊಂಡು ಹೋಗುತ್ತಿತ್ತು. ಅದರ ಸದ್ದು ಅಡಗಿತು. ಆಮೇಲೆ ಗುರು ಹೇಳಿದರು:

ಒಂದು ಊರು. ಊರಿಗೆ ದೊಡ್ಡ ಕೆರೆ. ಏರಿಯ ಬುಡದಲ್ಲೇ ನೇಕಾರರ ಕೇರಿ. ಅವರದು ಗುಂಡಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು.

ಒಂದು ವರ್ಷ ಮುಂಗಾರು ಚೆನ್ನಾಗಿ ಹುಯ್ದು ಕೆರೆ ತುಂಬಿತು. ಹಿಂಗಾರು ಇನ್ನೂ ಬರಬೇಕಿತ್ತು. ಒಂದು ಬೆಳಿಗ್ಗೆ ಒಬ್ಬ ನೇಕಾರ ಮಗ್ಗಕ್ಕೆ ಕೂತ. ಗುಂಡಿಯಲ್ಲಿ ಪಾದ ಒದ್ದೆಯಾಯಿತು. ಹೆಂಡತಿ ನೀರು ಮೊಗೆದು ಹೊರಗೆ ಚೆಲ್ಲಿದಳು. ಸಂಜೆಗೆ ಮತ್ತೆ ನೀರು. ಪಕ್ಕದ ಮನೆಯಲ್ಲೂ ನೀರು, ಅದರಾಚೆಯ ಮನೆಯಲ್ಲೂ ನೀರು. ನೀರಿಗೆ ಕೆರೆಯ ಪಾಚಿಯ ವಾಸನೆ ಇತ್ತು. ಏರಿ ಸೋರುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಏರಿಗೆ ಕೇಳಿಸೀತು ಎಂಬಂತೆ. ಹೆಂಗಸರು ಮಾತ್ರ ತೊಟ್ಟಿಲ ಹಗ್ಗ ಗಿಡ್ಡ ಮಾಡಿ ಮೇಲೆ ಕಟ್ಟಿದರು. ಒಬ್ಬಳು ಕಟ್ಟಿದ್ದನ್ನು ಕಂಡು ಇನ್ನೊಬ್ಬಳು ಕಟ್ಟಿದಳು.

ಅದೇ ಹೊತ್ತಿಗೆ ಕೆರೆಯ ಯಜಮಾನಿಕೆಗೆ ಆಯ್ಕೆ ಬಂತು. ಯಜಮಾನರಾದವರದೇ ತೂಬಿನ ಅಧಿಕಾರ. ನೀರು ಬಿಡುವುದೂ ಅವರೇ, ತಡೆಯುವುದೂ ಅವರೇ. ಊರಿನ ಪದ್ಧತಿಯಂತೆ ಒಂದು ಒಲೆಗೆ ಒಂದು ಕಲ್ಲು. ಬಟ್ಟೆ ಮುಚ್ಚಿದ ಗಡಿಗೆಗಳನ್ನು ಸಾಲಾಗಿ ಇಡುತ್ತಾರೆ. ಬೇಕಾದವರ ಗಡಿಗೆಗೆ ಕಲ್ಲು ಹಾಕಿ ಬರಬೇಕು. ಕೊನೆಗೆ ಗಡಿಗೆ ಒಡೆದು ಕಲ್ಲು ಎಣಿಸುತ್ತಾರೆ.

ನಿಂತವರು ಇಬ್ಬರು. ಒಬ್ಬ ಸಾಹುಕಾರ. ಅವನೆಂಥವನೆಂದರೆ, ಮಾವ ಸತ್ತು ಹೆಣ ಅಂಗಳದಲ್ಲಿರುವಾಗ ಗದ್ದೆಗೆ ನೀರು ತಿರುಗಿಸಲು ಹೋದವನು. ಅವನ ಎರಡನೆಯ ಸಂಸಾರ ಎಲ್ಲಿದೆ ಎಂಬುದು ಹೆಂಡತಿಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಅದಿರಲಿ. ಅವನು ಮನೆಮನೆಗೆ ಹೋಗಿ ಹೇಳಿದ: "ಆ ಹೆಂಗಸು ಗೆದ್ದರೆ ತೂಬು ಎತ್ತುತ್ತಾಳೆ. ನೀರು ಹೋದರೆ ಬೆಳೆ ಹೋಯಿತು. ಮಕ್ಕಳಿಗೆ ಏನು ಬಡಿಸುತ್ತೀರಿ, ಮಣ್ಣೇ?" ಏರಿಯ ಭಯ ಇಲ್ಲದವರಿಗೆ ಹಸಿವಿನ ಭಯ ಹಚ್ಚಿ ಬಂದ.

ಇನ್ನೊಬ್ಬಳು ಹಾಲು ಮಾರುವ ಹೆಂಗಸು. ಗಂಡ ಸತ್ತವಳು. ನಾಲಿಗೆ ಚುರುಕು. ನೇಕಾರರ ಕೇರಿಯೆಲ್ಲ ಅವಳ ಕಡೆ. ಅವರ ಮುಂದಾಳು, ಮೊದಲು ಪಾದ ಒದ್ದೆಯಾದ ಆ ನೇಕಾರನೇ. ಒಳ್ಳೆಯವನು. ಸುಳ್ಳು ಹೇಳದವನು, ಯಾರ ಮನೆಯ ಕಾಫಿಯನ್ನೂ ಪುಕ್ಕಟೆ ಕುಡಿಯದವನು. ಅವನು ಕೇರಿಯವರನ್ನೆಲ್ಲ ಏರಿಯ ಮೇಲೆ ನಿಲ್ಲಿಸಿ, ಕೈಯಲ್ಲಿ ಏರಿಯ ಮಣ್ಣು ಹಿಡಿಸಿ ಆಣೆ ಮಾಡಿಸಿದ. "ಕೆರೆ ಪೂರ್ತಿ ಖಾಲಿಯಾಗಬೇಕು. ಏರಿ ಬುಡದಿಂದ ಹೊಸದಾಗಬೇಕು. ಇದಕ್ಕಿಂತ ಒಂದು ಗೇಣು ಕಡಿಮೆಯಾದರೂ ನಾವು ಒಪ್ಪುವುದಿಲ್ಲ." ಜನ ಕೂಗಿದರು. ಹಾಲಿನವಳೂ ಅಲ್ಲೇ ನಿಂತಿದ್ದಳು. ಅವಳು ಕೂಗಲಿಲ್ಲ. ಅದನ್ನು ಕೆಲವರು ನೋಡಿಟ್ಟುಕೊಂಡರು.

ಕೇರಿ ದೊಡ್ಡದು. ಸೋಲುತ್ತೇನೆ ಎಂದು ಸಾಹುಕಾರನಿಗೂ ಒಳಗೊಳಗೆ ಹೆದರಿಕೆ. ಹಾಲಿನವಳಿಗೆ ಬೇರೆ ಹೆದರಿಕೆ. ತಾನು ಗೆದ್ದರೂ ತೂಬಿನ ಮೇಲೆ ನಿಂತಿರುವವರು ಸಾಹುಕಾರನ ಆಳುಗಳು. ಎತ್ತಲು ಹೋದರೆ ತಲೆ ಒಡೆಯುತ್ತಾರೆ. ಜಗಳ ಮುಗಿಯುವುದರೊಳಗೆ ಹಿಂಗಾರು ಬರುತ್ತದೆ. ಅವಳು ಯೋಚಿಸಿದಳು. ಹಗಲಲ್ಲೇ, ಎಲ್ಲರ ಕಣ್ಣೆದುರೇ ಸಾಹುಕಾರನ ಮನೆಗೆ ಹೋದಳು.

ಒಪ್ಪಂದ ಆಯಿತು. ಅವಳು ಗೆದ್ದರೆ ಕೆರೆಯ ನೀರನ್ನು ಅರ್ಧಕ್ಕೆ ಇಳಿಸುವುದು. ಆಳುಗಳು ಅಡ್ಡ ಬರಬಾರದು. ನೀರು ಇಳಿದರೆ ಸೋರುವ ಜಾಗ ಬಯಲಾಗುತ್ತದೆ, ಅಲ್ಲಿಗೆ ಹೊಸ ಮಣ್ಣು ಬಡಿಯುವುದು. ಅದಕ್ಕೆ ಬದಲಾಗಿ, ಉಳಿದ ಅರ್ಧ ನೀರು ಮೊದಲು ಸಾಹುಕಾರನ ಗದ್ದೆಗೆ. ಅವನು ಗೆದ್ದರೆ ಈ ಮಾತು ಇಲ್ಲ.

ಹೌದು, ನಾಚಿಕೆಗೇಡಿನ ಒಪ್ಪಂದವೇ.

ಆ ಊರಿನಲ್ಲಿ ಎಲೆಯಡಿಕೆ ಕೊಟ್ಟು ಅಲ್ಲೇ ಜಗಿಯದಿದ್ದರೆ ಮಾತು ಮಾತಲ್ಲ. ಆದರೆ ಅದೇ ಊರಿನಲ್ಲಿ, ಎದುರುಬದುರು ನಿಂತವರು ಗಡಿಗೆ ಒಡೆಯುವವರೆಗೆ ಒಬ್ಬರ ಕೈಯಿಂದ ಒಬ್ಬರು ನೀರನ್ನೂ ತೆಗೆದುಕೊಳ್ಳುವಂತಿಲ್ಲ. ಸಾಹುಕಾರ ಬೇಕೆಂದೇ ಜಗಲಿಗೆ ಬಂದು, ಬೀದಿಗೆ ಕಾಣುವಂತೆ ಎಲೆಯಡಿಕೆ ಚಾಚಿದ. ಹೆಂಗಸು ಒಂದು ಗಳಿಗೆ ನಿಂತಳು. ಬೇಡವೆಂದರೆ ಒಪ್ಪಂದ ಹೋಯಿತು, ತೆಗೆದುಕೊಂಡರೆ ಮಾನ ಹೋಯಿತು. ತೆಗೆದುಕೊಂಡಳು. ಜಗಿದಳು.

ಇನ್ನು ಕೇಳಬೇಕೇ? ಅವಳು ಬೀದಿಯ ತುದಿ ಮುಟ್ಟುವ ಮೊದಲೇ ಸುದ್ದಿ ಬಾವಿಕಟ್ಟೆ ಮುಟ್ಟಿತ್ತು.

"ನೋಡಿದಿರೇನ್ರೇ? ಗಂಡ ಸತ್ತವಳ ಬಾಯಿ ಹೆಂಗೆ ರಂಗಾಗಿದೆ!"

"ಅವನ ಜಗಲಿಯಿಂದಲೇ ಇಳಿದು ಬಂದಳಂತೆ."

"ಜಗಲಿಯಿಂದಲೋ, ಒಳಗಿಂದಲೋ? ಪಾಪ, ಎರಡನೆಯವಳಿಗೆ ಇನ್ನು ಹಾಲು ಯಾರು ಹಾಕುತ್ತಾರೋ!"

ನಕ್ಕರು. ನಗುವಾಗ ಯಾರ ಕೊಡವೂ ತುಂಬಲಿಲ್ಲ. ಗಡಿಗೆಯ ಬಾಯಿ ಕಟ್ಟಬಹುದು, ಊರ ಬಾಯಿ ಕಟ್ಟಲು ಬಟ್ಟೆ ಎಲ್ಲಿದೆ? ಬೆಳಗಾಗುವುದರಲ್ಲಿ ಅರ್ಧ ನೀರಿನ ವಿಷಯ ಯಾರಿಗೂ ನೆನಪಿರಲಿಲ್ಲ. ಕೆಂಪು ಬಾಯಿಯೊಂದೇ ನೆನಪಿತ್ತು.

ಹೆಂಗಸು ನೇಕಾರನ ಮನೆಗೆ ಬಂದಳು. ಅವನು ಮಗ್ಗದ ಮುಂದೆ ಕೂತಿದ್ದ, ನೇಯುತ್ತಿರಲಿಲ್ಲ. ಗುಂಡಿಯಲ್ಲಿ ಮೊಣಕಾಲುದ್ದ ನೀರಿತ್ತು.

"ಅಣ್ಣಾ, ಇಡೀ ಕೆರೆ ಖಾಲಿ ಮಾಡಿಸುವ ಶಕ್ತಿ ನನಗಿಲ್ಲ," ಎಂದಳು. "ಅರ್ಧ ಇಳಿಸಿದರೆ ಈ ಹಿಂಗಾರು ದಾಟುತ್ತೇವೆ. ಬೇಸಿಗೆಗೆ ಕೆರೆ ತಾನಾಗಿ ತಗ್ಗುತ್ತದೆ, ಆಗ ಉಳಿದದ್ದಕ್ಕೆ ಜಗಳ ತೆಗೆಯೋಣ."

"ಅರ್ಧ ನೀರು ಬಿಡುತ್ತೀಯ. ಉಳಿದದ್ದನ್ನು ಆ ಕಳ್ಳನಿಗೆ ಕುಡಿಸುತ್ತೀಯ. ಮಣ್ಣು ಹಿಡಿದು ಆಣೆ ಮಾಡಿದವರು ನಾವು. ಹೋಗಕ್ಕ, ಮೊದಲು ಬಾಯಿ ತೊಳೆದುಕೊಂಡು ಬಾ."

"ಬಾಯಿ ತೊಳೆಯುವುದಕ್ಕೆ ಒಂದು ಚೊಂಬು ಸಾಕು. ನಿನ್ನ ಗುಂಡಿಯ ನೀರನ್ನು ಯಾವ ಚೊಂಬಿನಲ್ಲಿ ಮೊಗೆಯುತ್ತೀಯೋ?"

ಅವನು ಮಗ್ಗದ ಕಡೆ ಮುಖ ತಿರುಗಿಸಿದ. ಬಾಗಿಲ ಸಂದಿಯಲ್ಲಿ ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಹಾಲಿನವಳು ಹೋದ ಮೇಲೆ ಗಂಡನ ಹತ್ತಿರ ಬಂದಳು. "ಅವಳು ಯಾರ ಜಗಲಿಯಲ್ಲಿ ಕೂತರೆ ನಮಗೇನು? ಕಲ್ಲು ನನ್ನ ಕೈಗೆ ಕೊಡಿ. ನಾನು ಹಾಕಿ ಬರುತ್ತೇನೆ. ನಿಮ್ಮ ಆಣೆ ನಿಮ್ಮ ಹತ್ತಿರವೇ ಇರಲಿ."

"ಈ ಒಲೆಯ ಕಲ್ಲು ಅಂಥವಳಿಗೆ ಬೀಳುವುದಿಲ್ಲ," ಎಂದ ನೇಕಾರ. ಕಲ್ಲನ್ನು ಪಂಚೆಯ ಸೆರಗಿಗೆ ಗಂಟು ಹಾಕಿಕೊಂಡ.

"ಹಾಗಾದರೆ ಅವನಿಗೇ ಹಾಕಿ."

"ಅವನಿಗೂ ಇಲ್ಲ. ಇಬ್ಬರಿಗೂ ಇಲ್ಲ."

"ಏರಿಗೆ ಇದು ಗೊತ್ತಾಗುತ್ತದಾ?" ಎಂದಳು ಹೆಂಡತಿ. ಕೂಸನ್ನು ಎದೆಗೆ ಅವಚಿಕೊಂಡಳು. ಅವನು ಅದನ್ನು ನೋಡಿದ. ಅವನಿಗೂ ಭಯವಾಗಿತ್ತು. ಆದರೆ ಇಡೀ ಕೇರಿಯ ಎದುರು ಆಡಿದ ಮಾತು ಅದಕ್ಕಿಂತ ದೊಡ್ಡ ಭಯ.

ಗಡಿಗೆಯ ದಿನ ನೇಕಾರರ ಕೇರಿ ಬಾಗಿಲು ಹಾಕಿಕೊಂಡು ಕೂತಿತು. ಹಾಲಿನವಳ ಗಡಿಗೆ ಹಗುರಾಯಿತು. ಸಾಹುಕಾರ ಗೆದ್ದ. ಹೇಳಿದ್ದನ್ನು ಅವನೂ ತಪ್ಪದೆ ಮಾಡಿದ. ತೂಬಿಗೆ ಇನ್ನಷ್ಟು ಮಣ್ಣು ಮೆತ್ತಿಸಿ ಭದ್ರ ಮಾಡಿದ. ತುಂಬಿದ ಕೆರೆ ಫಳಫಳ ಹೊಳೆಯುತ್ತಿತ್ತು. ಬೆಳೆ ಗ್ಯಾರಂಟಿ ಎಂದು ದಿಣ್ಣೆಯ ಮೇಲಿದ್ದ ಮೇಲುಕೇರಿಯವರು ಹೋಳಿಗೆ ತಟ್ಟಿದರು.

ಹಿಂಗಾರು ಬಂತು.

ಮೊದಲ ಮಳೆಗೆ ಗುಂಡಿಗಳು ತುಂಬಿ ನೀರು ಮನೆಯ ನೆಲಕ್ಕೆ ಹರಿಯಿತು. ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತಿದವು. ಗೋಡೆಗೆ ಕಿವಿ ಇಟ್ಟರೆ ಒಳಗೆ ಯಾರೋ ನೀರು ಕುಡಿಯುತ್ತಿರುವ ಸದ್ದು. ಕೇರಿಯ ನಾಯಿಗಳು ಒಂದೊಂದಾಗಿ ಮೇಲುಕೇರಿಗೆ ಹೋದವು, ಕರೆದರೂ ಬರಲಿಲ್ಲ.

ನೇಕಾರ ಗಂಡಸರನ್ನು ಕೂಡಿಸಿಕೊಂಡು ಸಾಹುಕಾರನ ಮನೆಗೆ ಓಡಿದ. ಮಳೆಯಲ್ಲಿ ನಿಂತು ಕೈ ಮುಗಿದ. "ಪೂರ್ತಿ ಬೇಡ, ಯಜಮಾನರೇ. ಅರ್ಧವಾದರೂ ಇಳಿಸಿ. ಉಳಿದ ನೀರೆಲ್ಲ ನೀವೇ ಇಟ್ಟುಕೊಳ್ಳಿ."

ಸಾಹುಕಾರ ಜಗಲಿಯ ಮೇಲಿಂದ ನಕ್ಕ. "ಆ ಮಾತು ಆ ಹೆಂಗಸಿನ ಜೊತೆ ಆಗಿತ್ತು, ತಮ್ಮಾ. ನಿಮಗೆ ಬೇಡವಾಯಿತಲ್ಲ!"

ಗಂಡಸರು ಏರಿಗೆ ಓಡಿದರು. ಮಂಕರಿಯಲ್ಲಿ ಮಣ್ಣು ತುಂಬಿ ಸೋರುವ ಕಡೆ ಸುರಿದರು. ಸುರಿದ ಮಣ್ಣು ಸುರಿದ ಹಾಗೇ ಕರಗಿತು. ಕೆಳಗೆ ಹಾಲಿನವಳು ಮನೆಮನೆಯ ಬಾಗಿಲು ಬಡಿಯುತ್ತಾ, ಏಳಿ, ಗುಡ್ಡ ಹತ್ತಿ ಎಂದು ಕೂಗುತ್ತಿದ್ದಳು. ಕೆಲವರು ಹೊರಟರು. ಅವಳ ಮಾತು ಕೇಳಬಾರದೆಂದು ಕೆಲವರು ಬಾಗಿಲು ತೆರೆಯಲಿಲ್ಲ. ನೇಕಾರನ ಹೆಂಡತಿ ಬಾಗಿಲು ತೆರೆದಳು. ತೊಟ್ಟಿಲನ್ನು ಮೇಲೆ ಕಟ್ಟಿದ್ದಳಲ್ಲ, ಕೂಸು ಕೈಗೆ ಎಟುಕಲಿಲ್ಲ. ಸ್ಟೂಲು ತರಲು ಒಳಗೆ ಹೋದಳು.

ಏರಿ ಒಡೆಯಿತು.

ಮೇಲೆ, ಒಡೆಯದ ಕಡೆ ನಿಂತಿದ್ದ ನೇಕಾರ ಉಳಿದ. ಕೆಳಗೆ ಕೇರಿ ಇತ್ತು, ಆಮೇಲೆ ಇರಲಿಲ್ಲ.

ಗುರು ಕತೆ ನಿಲ್ಲಿಸಿದರು.

"ಆದರೂ ಗುರುಗಳೇ," ಎಂದ ಶಿಷ್ಯ, "ಆ ನೇಕಾರ ಕಳ್ಳನ ಜೊತೆ ಸೇರಲಿಲ್ಲ, ಎಲೆಯಡಿಕೆ ಜಗಿಯಲಿಲ್ಲ, ಕೊಟ್ಟ ಮಾತಿಗೆ ತಪ್ಪಲಿಲ್ಲ. ಅವನ ಮಾತಿನಲ್ಲಿ ಕೆಟ್ಟದ್ದೇನಿತ್ತು?"

ಗುರು ಹೇಳಿದರು: "ಅವನ ಮಾತು ಕೆಡಲೇ ಇಲ್ಲಪ್ಪ, ಅದನ್ನು ಯಾರಿಗಾಗಿ ಆಡಿದ್ದನೋ, ಅವರು ಮಾತ್ರ ಉಳಿಯಲಿಲ್ಲ."