ಗಾಣಿಗನ ಹೆಗಲಪಟ್ಟಿ

“ಗುರುಗಳೇ, ಧ್ಯಾನಕ್ಕೆ ಕುಳಿತರೆ ಬೆನ್ನು ಹಿಡಿಯುತ್ತದೆ, ಮೊಣಕಾಲು ನೋಯುತ್ತದೆ. ಚಾಪೆ ಹಾಸಿ ನೋಡಿದೆ, ಕಂಬಳಿ ಹಾಸಿ ನೋಡಿದೆ. ಯಾವುದರ ಮೇಲೂ ಕೂರಲಾಗುತ್ತಿಲ್ಲ. ನನಗೆ ಯಾವ ಆಸನ ಒಗ್ಗೀತು?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಅವನ ಮುಖ ನೋಡಿ, ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಹೆಂಡತಿ ತಂಬೂರಿ ಹೆಗಲಿಗೇರಿಸಿ ತತ್ವಪದ ಹಾಡುತ್ತಿದ್ದಳು. ಎತ್ತು ಗಾಣ ಸುತ್ತುವಾಗ ಅವನ ಕಿವಿಗೆ ಆ ಹಾಡು ಬೀಳುತ್ತಿತ್ತು. ಚೆನ್ನಾಗಿದೆ ಎಂದು ಅವನು ಒಮ್ಮೆಯೂ ಹೇಳಿದವನಲ್ಲ. ಒಂದು ವರ್ಷ ಅವಳಿಗೆ ಜ್ವರ ಬಂತು, ಇಳಿಯಲಿಲ್ಲ. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಗಾಣದ ಸದ್ದೊಂದೇ ಉಳಿಯಿತು. ಅವಳು ದಿನವೂ ಹಾಡುತ್ತಿದ್ದ ಪದವನ್ನು ಗಾಣಿಗ ನೆನಪು ಮಾಡಿಕೊಳ್ಳಲು ನೋಡಿದ. ಮೊದಲ ಸಾಲು ಬಂತು, ಮುಂದಿನದು ಬರಲಿಲ್ಲ. ಅವನಿಗೆ ಹೆದರಿಕೆಯಾಯಿತು.

ಆ ಪದವನ್ನು ಅವಳಿಗೆ ಕಲಿಸಿದ ಮುದುಕಿ ಪಕ್ಕದ ಊರಿನಲ್ಲಿದ್ದಳು. ಗಾಣಿಗ ತಂಬೂರಿ ಎತ್ತಿಕೊಂಡು ಅಲ್ಲಿಗೆ ಹೋದ.

“ಅವ್ವ, ಅವಳು ಹಾಡುತ್ತಿದ್ದ ಪದವನ್ನು ನನಗೆ ಕಲಿಸು.”

“ಕಲಿಸುತ್ತೇನೆ ತಮ್ಮ. ಅದು ಈಗ ನನ್ನೊಬ್ಬಳ ಬಾಯಲ್ಲಿ ಉಳಿದಿದೆ. ತಡ ಮಾಡಬೇಡ” ಎಂದಳು ಮುದುಕಿ.

ತಂಬೂರಿಗೆ ಹೆಂಡತಿ ತನ್ನ ಹಳೆಯ ಸೀರೆಯನ್ನು ಹೊಸೆದು ಪಟ್ಟಿ ಕಟ್ಟಿದ್ದಳು. ಗಾಣಿಗ ಅದನ್ನು ಹೆಗಲಿಗೆ ಹಾಕಿ, ತಂತಿ ಮೀಟಿ, ಬಾಯಿ ತೆರೆದ. ಮೊದಲ ಸಾಲು ಮುಗಿಯುವ ಮುಂಚೆಯೇ ನಿಲ್ಲಿಸಿಬಿಟ್ಟ. “ಪಟ್ಟಿ ಕೊರೆಯುತ್ತದೆ ಅವ್ವ” ಎಂದ.

ಮರುದಿನ ಚಮ್ಮಾರನ ಬಳಿ ತೊಗಲಿನ ಪಟ್ಟಿ ಮಾಡಿಸಿದ. ಅದು ಬೆವರಿಗೆ ಜಾರಿತು. ಉಣ್ಣೆಯದು ಚುಚ್ಚಿತು. ನೇಕಾರನೊಬ್ಬ ಅಂಗೈಯಗಲ ನೂಲಿನ ಪಟ್ಟಿ ನೇಯ್ದು, ಒಳಗೆ ಹತ್ತಿ ತುಂಬಿ ಹೊಲಿದುಕೊಟ್ಟ. ಅದನ್ನು ಹಾಕಿಕೊಂಡಾಗ ಹೆಗಲ ಮೇಲೆ ತಂಬೂರಿ ಇದೆಯೆಂದೇ ತಿಳಿಯುತ್ತಿರಲಿಲ್ಲ. ಮುದುಕಿ ಸಾಲು ಹೇಳಿಕೊಟ್ಟಳು. ಗಾಣಿಗ ಎರಡನೆಯ ಸಾಲಿಗೆ ಬಂದ. ಹೆಂಡತಿ ಉಸಿರು ಎಳೆದುಕೊಳ್ಳುತ್ತಿದ್ದ ಜಾಗ ಅದು. ಅವನ ದನಿ ಅಲ್ಲೇ ನಿಂತಿತು.

“ಇದೂ ಒತ್ತುತ್ತದೆ” ಎಂದು ಅವನು ತಂಬೂರಿ ಕೆಳಗಿಟ್ಟ.

ಮುದುಕಿ ಅವನ ಅಂಗಿ ಸರಿಸಿ ಹೆಗಲು ನೋಡಿದಳು. ಬಾಸುಂಡೆಯಿರಲಿಲ್ಲ, ಕೆಂಪೂ ಆಗಿರಲಿಲ್ಲ. “ಇವತ್ತು ಹಾಡುವುದು ಬೇಡ. ಸುಮ್ಮನೆ ನನ್ನ ಹತ್ತಿರ ಕೂತಿರು” ಎಂದಳು.

ಗಾಣಿಗ ಕೂರಲಿಲ್ಲ. ಪೇಟೆಯಲ್ಲಿ ಇನ್ನೂ ಮೆತ್ತನೆಯ ಪಟ್ಟಿ ಸಿಗುತ್ತದೆಂದು ಯಾರೋ ಹೇಳಿದ್ದರು. ಅದಕ್ಕಾಗಿ ಹೊರಟುಹೋದ. ಪೇಟೆಯಲ್ಲಿ ಸಿಕ್ಕಿದ್ದು ಸರಿಬರಲಿಲ್ಲ. ಅದರಾಚೆಯ ಪೇಟೆಗೆ ಹೋದ. ಹುಡುಕುವಷ್ಟು ದಿನ ಅವನ ಮನಸ್ಸು ಹಗುರವಾಗಿತ್ತು. ಅದಕ್ಕೇ ಹುಡುಕುವುದನ್ನು ಅವನು ಬೇಗ ಬಿಡಲಿಲ್ಲ.

ತಿರುಗಿ ಬಂದಾಗ ಮುದುಕಿಯ ಮನೆಗೆ ಬೀಗ ಬಿದ್ದಿತ್ತು. ಅವಳ ಕೊನೆಯ ದಿನಗಳಲ್ಲಿ ದಾರಿಯಲ್ಲಿ ಯಾರದೇ ಹೆಜ್ಜೆ ಸಪ್ಪಳವಾದರೂ ಗಾಣಿಗ ಬಂದನೇ ಎಂದು ಕೇಳುತ್ತಿದ್ದಳೆಂದು ನೆರೆಯವರು ಹೇಳಿದರು. ಗಾಣಿಗ ಜಗುಲಿಯ ಮೇಲೆ ಕುಳಿತ. ಎದ್ದು ಮನೆಗೆ ಹೋಗಲು ಅವನಿಗೆ ತುಂಬ ಹೊತ್ತು ಹಿಡಿಯಿತು.

ಆಮೇಲೆ ಅವನು ಬದುಕಿದಷ್ಟು ಕಾಲ ಸಂಜೆ ಹೊತ್ತು ಅವನ ಮನೆಯಿಂದ ತಂಬೂರಿಯ ಶ್ರುತಿ ಕೇಳಿಬರುತ್ತಿತ್ತು. ಇನ್ನೇನು ಹಾಡು ಶುರುವಾಗುತ್ತದೆಂದು ದಾರಿಹೋಕರು ಒಂದು ಗಳಿಗೆ ನಿಲ್ಲುವರು. ಹಾಡು ಬರುತ್ತಿರಲಿಲ್ಲ. ಅವರು ಮುಂದೆ ಹೋಗುವರು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

“ಅವನ ಹೆಗಲಿಗೆ ಒಗ್ಗುವ ಪಟ್ಟಿ ಕೊನೆಗೂ ಸಿಗಲಿಲ್ಲವೇ?” ಎಂದು ಮರುಳಯ್ಯ ಕೇಳಿದ.

“ನಿನ್ನ ತಾಯಿಯನ್ನು ಮಣ್ಣು ಮಾಡಿ ಬಂದೆಯಲ್ಲ ಮಗು, ಅಂದಿನಿಂದ ನೀನು ಒಮ್ಮೆಯೂ ಅತ್ತಿಲ್ಲ” ಎಂದರು ಗುರುಗಳು.