ಒಂದೇ ಬುಟ್ಟಿಯ ಬೀಜ

ನದಿ ಕಡಲನ್ನು ಸೇರುವ ಅಳಿವೆಯ ದಂಡೆಯ ಮೇಲೆ ನಿತ್ಯಬೋಧರ ಆಶ್ರಮವಿತ್ತು. ಒಂದು ಕಾಲಕ್ಕೆ ಆ ದಂಡೆಯುದ್ದಕ್ಕೂ ಉಪ್ಪುನೀರಿನಲ್ಲೇ ಬೇರೂರಿ ನಿಲ್ಲುವ ಕಾಂಡ್ಲಾ ಕಾಡಿತ್ತು. ಊರಿನವರೂ ಆಶ್ರಮದವರೂ ಕಡಿದು ಕಡಿದು ಒಲೆಗೆ ಹಾಕಿ ಅದನ್ನು ಮುಗಿಸಿದ್ದರು. ಈಗ ಕಡಲು ಉಕ್ಕಿದಾಗಲೆಲ್ಲ ಉಪ್ಪುನೀರು ಗದ್ದೆಗೆ ನುಗ್ಗುತ್ತಿತ್ತು.

ಊರಿನ ಹೆಂಗಸರು ಸಂಘ ಕಟ್ಟಿಕೊಂಡು ಕಾಡನ್ನು ಮತ್ತೆ ಬೆಳೆಸಲು ಹೊರಟರು. ಖರ್ಚಿಗೆ ಒಂದು ಸಿಮೆಂಟ್ ಕಾರ್ಖಾನೆ ಮುಂದೆ ಬಂತು. ಗಿಡಗಳು ಹೀರುವ ಇಂಗಾಲಕ್ಕೆ ಕಾರ್ಖಾನೆ ಹಣ ಕೊಡುತ್ತದೆ. ತನ್ನ ಹೊಗೆಯ ಲೆಕ್ಕದಿಂದ ಅಷ್ಟನ್ನು ಕಳೆದು ತೋರಿಸುತ್ತದೆ. ಕಾರ್ಬನ್ ಕ್ರೆಡಿಟ್ ಅನ್ನುತ್ತಾರಲ್ಲ, ಅದು. ದಂಡೆ ಆಶ್ರಮದ್ದಾದ್ದರಿಂದ ಗುರುಗಳ ಒಪ್ಪಿಗೆ ಬೇಕಿತ್ತು.

ಕೇಳಿದ್ದೇ ಶಿಷ್ಯ ಅಚ್ಯುತನಿಗೆ ಮೈಯೆಲ್ಲ ಉರಿಯಿತು.

“ಹೊಗೆ ಬಿಡುವವರು ಅವರು, ಗಿಡ ನೆಡುವವರು ನಾವು. ಇದು ಪುಣ್ಯ ಮಾರುವ ಅಂಗಡಿ ಗುರುಗಳೇ. ಬೇಡ ಅಂದುಬಿಡಿ.”

“ಗದ್ದೆ ಯಾರದು?”

“ಊರಿನವರದು.”

“ಹಾಗಾದರೆ ಬೇಕೋ ಬೇಡವೋ ಅವರೇ ಹೇಳಲಿ.”

ಸಂಘದ ಮಾಸ್ತಮ್ಮ ಬಂದಳು. ಅಚ್ಯುತ ತನ್ನ ಮಾತನ್ನೆಲ್ಲ ಅವಳ ಮುಂದಿಟ್ಟ. ಅವಳು ಸಾವಧಾನವಾಗಿ ಕೇಳಿಸಿಕೊಂಡಳು.

“ನೀವು ಹೇಳೋದು ಸುಳ್ಳಲ್ಲ ಸ್ವಾಮಿ. ನಮ್ಮ ಗದ್ದೆಗೆ ಉಪ್ಪುನೀರು ಬರೋದೂ ಸುಳ್ಳಲ್ಲವಲ್ಲ. ಹಣ ತಗೊಳ್ತೇವೆ. ಎಲ್ಲಿ ನೆಡಬೇಕು ಅಂತ ನಾವೇ ಹೇಳ್ತೇವೆ. ಅವರು ವರ್ಷ ವರ್ಷ ಹೊಗೆ ಕಡಿಮೆ ಮಾಡ್ತಾ ಬರಬೇಕು. ಮತ್ತೆ, ಅವರಲ್ಲೊಬ್ಬರು ಬಂದು ನಮ್ಮ ಜೊತೆ ಕೆಸರಿಗೆ ಇಳೀಬೇಕು.”

“ನಮ್ಮ ಕಡೆಯಿಂದಲೂ ಒಬ್ಬ ಇಳಿಯುತ್ತಾನೆ” ಎಂದು ಗುರುಗಳು ಅಚ್ಯುತನತ್ತ ನೋಡಿದರು.

ಕಾರ್ಖಾನೆ ಒಪ್ಪಿತು. ನೆಡುವ ದಿನ ಶ್ರೀಕಾಂತ ಎಂಬ ಅಧಿಕಾರಿ ಇಸ್ತ್ರಿ ಮಾಡಿದ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಬಂದ. ಅಚ್ಯುತ ಮುಖ ತಿರುಗಿಸಿಕೊಂಡ. ಮಾಸ್ತಮ್ಮ ಇಬ್ಬರಿಗೂ ಸೇರಿಸಿ ಒಂದೇ ಬುಟ್ಟಿ ಬೀಜ ಕೊಟ್ಟು, ದಂಡೆಯ ತುದಿ ತೋರಿಸಿದಳು.

ನೀರು ಇಳಿದಿತ್ತು. ಹೆಂಗಸರು ಹಾಡಿಕೊಳ್ಳುತ್ತ ಕೋಲಿನಂಥ ಉದ್ದನೆಯ ಬೀಜಗಳನ್ನು ಕೆಸರಿಗೆ ಚುಚ್ಚುತ್ತ ನಡೆದರು. ಶ್ರೀಕಾಂತ ಎರಡು ಹೆಜ್ಜೆ ಇಟ್ಟವನು ಮೊಣಕಾಲವರೆಗೆ ಹೂತುಹೋದ. ಒಂದು ಕಾಲು ಎತ್ತಿದರೆ ಇನ್ನೊಂದು ಇಳಿಯಿತು.

“ಅಲ್ಲಾಡಬೇಡಿ” ಎಂದ ಅಚ್ಯುತ. ಹತ್ತಿರ ಬೇರೆ ಯಾರೂ ಇರಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಕೈ ಕೊಟ್ಟು ಜಗ್ಗಿದ. ಕಾಲು ಫಕ್ಕನೆ ಬಂತು. ಇಬ್ಬರೂ ಮಗುಚಿ ಬಿದ್ದರು.

ಹಾಡು ನಿಂತಿತು. ಶ್ರೀಕಾಂತ ಮುಖ ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಮೆತ್ತಿಕೊಂಡ. ಅಚ್ಯುತ ಗಂಭೀರವಾಗಿರಲು ನೋಡಿದ, ಆಗಲಿಲ್ಲ. ಅಳಿವೆಯ ತುಂಬ ನಗು ಹರಡಿತು.

ಆಮೇಲೆ ಒಬ್ಬ ಬೀಜ ಕೊಟ್ಟ, ಒಬ್ಬ ಚುಚ್ಚಿದ.

“ನಿಜವಾಗಿ ಹೊಗೆ ಕಡಿಮೆ ಮಾಡುತ್ತೀರಾ?” ಅಚ್ಯುತ ಕೇಳಿದ.

“ಮಾಡದಿದ್ದರೆ ಮಾಸ್ತಮ್ಮ ಬಿಡುವ ಹಾಗೆ ಕಾಣುವುದಿಲ್ಲ.”

ನೀರು ಏರತೊಡಗಿದಾಗ ಬುಟ್ಟಿ ಬರಿದಾಗಿತ್ತು. ಇಬ್ಬರೂ ಆಶ್ರಮದ ಅಂಗಳಕ್ಕೆ ಬಂದರು. ಎಷ್ಟು ನಕ್ಕಿದ್ದರೂ ಅಚ್ಯುತನ ಒಳಗಿನ ಮುಳ್ಳು ಹೋಗಿರಲಿಲ್ಲ.

“ಗುರುಗಳೇ, ನೆಡುವುದೇನೋ ನೆಟ್ಟೆವು. ಈಗಲಾದರೂ ಹೇಳಿ. ಈ ಹೊಗೆಯವರ ಪಾಪ ಇಷ್ಟಕ್ಕೇ ಹೋಯಿತೇ?”

ತಲೆಯಿಂದ ಪಾದದವರೆಗೆ ಕೆಸರು ಮೆತ್ತಿದ ಇಬ್ಬರನ್ನೂ ಗುರುಗಳು ಒಬ್ಬೊಬ್ಬರನ್ನಾಗಿ ದಿಟ್ಟಿಸಿದರು.

“ನಿಮ್ಮಿಬ್ಬರಲ್ಲಿ ಹೊಗೆಯವರು ಯಾರಪ್ಪಾ?”