ಮೊದಲು ಹೊರಟ ಗಂಟು

"ಗುರುಗಳೇ, ಏನೂ ಬಿಟ್ಟುಹೋಗದ ಹಾಗೆ ಪ್ರಯಾಣದ ಪಟ್ಟಿ ಮಾಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಪಂಚಾಕ್ಷರಿ. ಅವನ ಸೋದರಮಾವ ದೂರದ ಊರಿನಲ್ಲಿ ಹಾಸಿಗೆ ಹಿಡಿದಿದ್ದರು. ಅವರನ್ನು ನೋಡಿ ಬರಲು ಗೆಳೆಯನೊಬ್ಬ ಕಾರು ಕೊಡಲು ಒಪ್ಪಿದ್ದ. ಹೇಗೂ ಅಷ್ಟು ದೂರ ಹೋಗುತ್ತೇವೆ, ದಾರಿಯಲ್ಲಿ ಒಂದು ಜಲಪಾತ, ಎರಡು ಕೋಟೆ, ಒಂದಿಷ್ಟು ಸಮುದ್ರ ನೋಡಿಕೊಂಡೇ ಹೋಗೋಣ ಎಂದು ಪಂಚಾಕ್ಷರಿ ಬರೆಯಲು ಕುಳಿತಿದ್ದ. ಪಟ್ಟಿ ಈಗ ನಾಲ್ಕನೆಯ ಹಾಳೆಗೆ ಬಂದಿತ್ತು. ಮಾವ ಎರಡು ಸಲ ಫೋನು ಮಾಡಿಸಿದ್ದರು.

ಗುರುಗಳು ಹಾಳೆಗಳನ್ನು ತಿರುವಿ ನೋಡಿದರು. ತಮ್ಮ ಬಗ್ಗೆ ತಾವೇ ಎರಡು ಮಾತು ಹೇಳಿಕೊಳ್ಳದೆ ಅವರು ಯಾವ ಪಾಠವನ್ನೂ ಶುರುಮಾಡುತ್ತಿರಲಿಲ್ಲ.

"ಕೇಳಬೇಕಾದವನನ್ನೇ ಕೇಳಿದೆ," ಎಂದರು. "ಈ ಸೀಮೆಯಲ್ಲಿ ನಾನು ತುಳಿಯದ ದಾರಿ ಇಲ್ಲ. ನನ್ನ ಕಾಲದಲ್ಲಿ ಮೈಲಿಗಲ್ಲುಗಳು ತಮ್ಮ ಮೇಲಿನ ಅಂಕಿ ಸರಿಯೇ ಎಂದು ನನ್ನನ್ನು ಕೇಳಿ ತಿಳಿದುಕೊಳ್ಳುತ್ತಿದ್ದವು. ಒಂದೆರಡನ್ನು ನಾನೇ ಎತ್ತಿ ಆಚೆಗೆ ನಿಲ್ಲಿಸಿದ್ದೂ ಉಂಟು. ಅದಿರಲಿ. ಪಟ್ಟಿ ಮಾಡುವುದರಲ್ಲಿ ನನ್ನನ್ನು ಮೀರಿಸಿದವನು ಒಬ್ಬನೇ. ಅವನ ಕತೆ ಹೇಳುತ್ತೇನೆ, ಕೇಳು."

ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳು ಅಕ್ಕ. ಅಕ್ಕನನ್ನು ಕೊಟ್ಟ ಊರು ಗಾಡಿಯಲ್ಲಿ ಏಳು ದಿನದ ದಾರಿ. ಅವಳು ಗಂಡನ ಮನೆಗೆ ಹೋದಾಗ ತಮ್ಮನಿಗೆ ಮೀಸೆ ಮೂಡಿರಲಿಲ್ಲ. ಆಮೇಲೆ ಅವನಿಗೆ ಅಂಗಡಿಯಾಯಿತು, ಮೀಸೆ ಬಂತು, ಬಂದ ಮೀಸೆ ನರೆಯಿತು. ಅಕ್ಕ ಇದು ಯಾವುದನ್ನೂ ನೋಡಿರಲಿಲ್ಲ.

ಯುಗಾದಿ ಕಳೆದ ಮೇಲೆ ಅಕ್ಕ ಹೇಳಿ ಕಳುಹಿಸಿದಳು. "ಕಣ್ಣು ಮಂಜಾಗುತ್ತಿದೆ. ಹೆಚ್ಚೆಂದರೆ ದಸರೆಯ ತನಕ ಬೆಳಕು ಇದ್ದೀತು ಎಂದು ಪಂಡಿತರು ಹೇಳಿದ್ದಾರೆ. ಅದು ಹೋಗುವ ಮೊದಲು ಬಾ. ನಿನ್ನ ಮುಖವೊಂದನ್ನು ನೋಡಿಕೊಳ್ಳಬೇಕು."

ವರ್ತಕನಿಗೆ ಅಕ್ಕನ ಮೇಲೆ ಪ್ರೀತಿ ಇತ್ತು. ಇದರಲ್ಲಿ ಸಂಶಯ ಬೇಡ. ಅವನು ಅಂದೇ ಗಾಡಿಯ ಚಕ್ರಕ್ಕೆ ಕೀಲೆಣ್ಣೆ ಹಾಕಿಸಿದ, ಜೋಯಿಸರನ್ನು ಕರೆಸಿದ. ಜೋಯಿಸರು ಪಂಚಾಂಗ ತೆಗೆದು, ನಾಳೆ ಬೆಳಿಗ್ಗೆಯೇ ಒಳ್ಳೆಯ ಗಳಿಗೆ ಇದೆ ಎಂದರು.

ನಾಳೆ ಹೊರಡುವುದು ವರ್ತಕನಿಂದ ಆಗುವ ಮಾತಾಗಿರಲಿಲ್ಲ. ಏಳು ದಿನದ ದಾರಿ ಎಂದ ಮೇಲೆ ಎಲ್ಲಿ ತಂಗಬೇಕು, ಏನು ನೋಡಬೇಕು ಎಂದು ಬರೆದುಕೊಳ್ಳಬೇಡವೇ? ಇಂಥವರಿಗಾಗಿಯೇ ಹಿಂದಿನವರು ಒಂದು ಪದ್ಧತಿ ಮಾಡಿಟ್ಟಿದ್ದಾರೆ. ಒಳ್ಳೆಯ ಗಳಿಗೆಗೆ ಹೊರಡಲಾಗದವರು ಒಂದು ಗಂಟು ಕಟ್ಟಿ, ಆ ಗಳಿಗೆಗೆ ಸರಿಯಾಗಿ ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಾರೆ. ಪರಸ್ಥಾನ ಇಡುವುದು ಎನ್ನುತ್ತಾರೆ ಇದಕ್ಕೆ. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಮೂರು ದಿನದೊಳಗೆ ಅದನ್ನು ಎತ್ತಿಕೊಂಡು ಮುಂದೆ ಹೋಗಬೇಕು. ಮನೆಗೆ ಮಾತ್ರ ವಾಪಸು ತರಬಾರದು.

ವರ್ತಕ ಒಂದು ಪಂಚೆ, ಒಂದು ಹಿಡಿ ಅಕ್ಕಿ, ಎರಡು ಅಡಿಕೆ ಸೇರಿಸಿ ಗಂಟು ಕಟ್ಟಿದ. ಪಕ್ಕದ ಮನೆಯ ರೈತನ ಜಗುಲಿಯ ಮೇಲೆ ಇಟ್ಟ. ಮನೆಗೆ ಬಂದು ಪಟ್ಟಿಗೆ ಕುಳಿತ.

ನಾಲ್ಕನೆಯ ದಿನ ರೈತ ಬಂದ.

"ಸಾಹುಕಾರ್ರೇ, ನಿಮ್ಮ ಗಂಟು ಹೊರಟು ಮೂರು ದಿನ ಆಯ್ತು. ನೀವು ಯಾವಾಗ ಹೋಗಿ ಅದನ್ನ ಕೂಡಿಕೊಳ್ತೀರಿ?"

"ಆತುರ ಬೇಡ ಗೌಡ. ಕೂಗಿದರೆ ಮೂರು ಸಲ ಮಾರುತ್ತರ ಕೊಡುವ ಬೆಟ್ಟವೊಂದು ಇದೆಯಂತೆ. ಸ್ವಲ್ಪ ಸುತ್ತು, ಆದರೂ ಸೇರಿಸುತ್ತಿದ್ದೇನೆ."

"ಬೆಟ್ಟ ಏನು ಹೇಳ್ತದಂತೆ?"

"ನಾವು ಏನು ಕೂಗುತ್ತೇವೋ ಅದನ್ನೇ."

"ಅಷ್ಟಕ್ಕೆ ಸುತ್ತು ಯಾಕೆ? ನಿಮ್ಮ ಗುಮಾಸ್ತರು ಇಲ್ಲೇ ದಿನಾ ಅದನ್ನೇ ಮಾಡ್ತಾರಲ್ಲ."

ವರ್ತಕ ನಗಲಿಲ್ಲ. ಗಂಟು ಒಂದೇ ಕಡೆ ಮೂರು ದಿನ ಮೀರಿ ಇರಬಾರದು, ಅದನ್ನು ಒಂದು ಮನೆ ಮುಂದಕ್ಕೆ ಇಟ್ಟರೆ ಪದ್ಧತಿಗೆ ಲೋಪವಿಲ್ಲ ಎಂದ. ರೈತ ಗಂಟನ್ನು ಆಚೆ ಮನೆಗೆ ಸಾಗಿಸಿದ.

ಪಟ್ಟಿ ಬೆಳೆಯಿತು. ಹೊತ್ತು ಹೊತ್ತಿಗೂ ರಸ್ತೆಯ ಯಾವ ಬದಿಗೆ ನೆರಳು ಬೀಳುತ್ತದೆ ಎಂದು ವರ್ತಕ ಬರೆದ. ಯಾವ ಊರಿನ ಬಾವಿ ಸಿಹಿ, ಯಾವ ಊರಿನ ಮಾತು ಕಹಿ ಎಂದು ಬರೆದ. ಬೋಂಡ ಚೆನ್ನಾಗಿರುವ ಊರಿಗೂ ಅದು ಅರಗುವ ಊರಿಗೂ ನಡುವೆ ಎಷ್ಟು ಹರದಾರಿ ಇರಬೇಕೆಂದು ಗುಣಿಸಿ ಬರೆದ. ಎತ್ತುಗಳು ಎಲ್ಲಿ ಉಚ್ಚೆ ಹೊಯ್ಯಬೇಕು ಎನ್ನುವುದೂ ಅದರಲ್ಲಿತ್ತು. ಎತ್ತುಗಳಿಗೆ ಓದು ಬರುತ್ತಿರಲಿಲ್ಲ, ಅದೊಂದೇ ಕೊರತೆ. ಅಂಟಿಸಿದ ಹಾಳೆ ಪಡಸಾಲೆ ದಾಟಿ, ಅಂಗಳ ದಾಟಿ ಬೀದಿಗೆ ಇಳಿಯಿತು. ಹದಿಮೂರನೆಯ ಊರಿನ ಮೇಲೆ ಒಂದು ಕೋಳಿ ಕಾವಿಗೆ ಕೂತು ಮರಿ ಮಾಡಿಕೊಂಡು ಎದ್ದು ಹೋಯಿತು. ಮರಿಗಳನ್ನು ನಾನೇ ಎಣಿಸಿದ್ದೇನೆ, ಒಂಬತ್ತು.

ಇತ್ತ ಮೂರು ದಿನಕ್ಕೊಂದು ಮನೆಯಂತೆ ಗಂಟು ಮುಂದೆ ಹೋಗುತ್ತಿತ್ತು. ಬೀದಿ ಮುಗಿಯಿತು. ಊರು ಮುಗಿಯಿತು. ರೈತ ಅದನ್ನು ಪಕ್ಕದ ಊರಿನ ಬೀಗರ ಮನೆಯಲ್ಲಿಟ್ಟ. ಬಂದು ಕೇಳಿದರೆ ವರ್ತಕ, "ಇನ್ನೊಂದೇ ಊರು ಸೇರಿಸುವುದಿದೆ," ಎಂದ. ರೈತ ಅದನ್ನು ಬೀಗರ ಷಡ್ಡಕನ ಊರಿಗೆ ಒಯ್ದ. ಅಲ್ಲಿಂದ ಷಡ್ಡಕನ ಗೆಳೆಯನ ಊರಿಗೆ ಒಯ್ದ. ರೈತನ ಹೊಲದ ಬಿತ್ತನೆ ಮುಗಿದು ಪೈರು ಮೊಣಕಾಲುದ್ದ ಬಂದಿತ್ತು, ಮನೆಯಲ್ಲಿ ಅಣ್ಣತಮ್ಮಂದಿರು ಇದ್ದರು, ನಡೆಯಲು ಪುರಸೊತ್ತಿತ್ತು.

ಒಂದು ದಿನ ರೈತ ಗಂಟನ್ನು ತಲೆಯ ಮೇಲಿಟ್ಟುಕೊಂಡು ಕವಲು ದಾರಿಯಲ್ಲಿ ನಿಂತು ಯೋಚಿಸಿದ. ವರ್ತಕನನ್ನು ಕೇಳಲು ಹಿಂದೆ ಹೋದರೆ ನಾಲ್ಕು ದಿನ. ವರ್ತಕನ ಅಕ್ಕನ ಮನೆಗೆ ಮುಂದೆ ಹೋದರೆ ಮೂರೇ ದಿನ. ಅವನು ಓದಿದವನಲ್ಲ. ಮುಂದೆ ಹೋದ.

ಅಕ್ಕ ರಸ್ತೆಗೆ ಮುಖಮಾಡಿ ಹೊಸ್ತಿಲಲ್ಲಿ ಕುಳಿತಿದ್ದಳು. ಯುಗಾದಿಯಿಂದ ಅವಳ ಜಾಗ ಅದೇ ಆಗಿತ್ತು. ಬರುತ್ತಿರುವವನು ಮಬ್ಬುಮಬ್ಬಾಗಿ ಕಂಡ ಕೂಡಲೆ ಕಂಬ ಹಿಡಿದುಕೊಂಡು ಎದ್ದಳು.

"ನಾನು ಅವರಲ್ಲ ತಾಯಿ," ಎಂದ ರೈತ. "ಅವರ ಪಕ್ಕದ ಮನೆಯವನು. ನಿಮ್ಮ ತಮ್ಮ ಹೊರಟಿದ್ದಾರೆ. ಇದು ಅವರ ಗಂಟು."

"ಗಂಟು ಬಂತಲ್ಲ, ಅವನೆಲ್ಲಿ?"

"ಬರೀತಾ ಇದ್ದಾರೆ."

ಅವಳು ಗಂಟನ್ನು ದೇವರ ಗೂಡಿನ ಪಕ್ಕದಲ್ಲಿ ಇರಿಸಿದಳು. ಬಿಚ್ಚಲಿಲ್ಲ. ರೈತನನ್ನು ಹನ್ನೆರಡು ದಿನ ನಿಲ್ಲಿಸಿಕೊಂಡಳು. ಸಂಜೆಯಾದರೆ ಅವನು ಊರಾಚೆಯ ದಿಣ್ಣೆ ಹತ್ತಿ ನೋಡುತ್ತಿದ್ದ. ಗಾಡಿಯ ಧೂಳು ಎದ್ದರೆ ಓಡಿ ಬಂದು ಹೇಳುತ್ತಿದ್ದ. ಅದು ಬೇರೆಯವರ ಗಾಡಿಯಾಗಿರುತ್ತಿತ್ತು. ಮೊದಮೊದಲು ಅವಳು, "ಗಾಡಿಯ ಬಣ್ಣ ಯಾವುದು?" ಎಂದು ಕೇಳುತ್ತಿದ್ದಳು. ಆಮೇಲೆ, "ಬೆಳಗಾಯಿತೇ?" ಎಂದು ಕೇಳತೊಡಗಿದಳು.

ಊರಲ್ಲಿ ಕಳೆ ತೆಗೆಯುವ ಕೆಲಸ ಕಾದಿತ್ತು. ಹದಿಮೂರನೆಯ ಬೆಳಿಗ್ಗೆ ರೈತ ಹೊರಟು ನಿಂತ. ಅಕ್ಕ ಅವನನ್ನು ಬಿಸಿಲಿಗೆ ಕರೆದಳು.

"ಇವತ್ತು ನಾಳೆಯಲ್ಲಿ ಇದು ಆರುತ್ತದಪ್ಪ. ನಮ್ಮೂರಿನವನು ಅಂತ ನಿನ್ನನ್ನಾದರೂ ನೋಡಿಕೊಳ್ಳುತ್ತೇನೆ. ಅಲುಗಾಡದೆ ನಿಂತುಕೋ."

ಗದ್ದ ಹಿಡಿದು ಅವನ ಮುಖವನ್ನು ಹತ್ತಿರ ತಂದುಕೊಂಡು ನೋಡಿದಳು. ಬಿಸಿಲಿಗೆ ಸುಟ್ಟ ಮೂಗು ನೋಡಿದಳು. ಹುಬ್ಬಿನ ಮೇಲಿನ ಗಾಯದ ಗುರುತು ನೋಡಿದಳು. ರೈತ ಉಸಿರು ಹಿಡಿದುಕೊಂಡು ನಿಂತಿದ್ದ. ಸಾಕು ಎಂದು ಅವಳೇ ಬಿಟ್ಟಳು.

ವರ್ತಕನ ಪಟ್ಟಿ ಆ ಹೊತ್ತಿಗೆ ಮುಗಿದಿತ್ತು. ಅವನು ಹೊರಟಿದ್ದ. ಅಂಥ ಪ್ರಯಾಣವನ್ನು ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಬೆಟ್ಟ ಮೂರು ಸಲ ಮಾರುತ್ತರ ಕೊಟ್ಟಿತು. ನೆರಳು ಬರೆದ ಕಡೆಗೇ ಬಿತ್ತು. ಬೋಂಡ ಅರಗಬೇಕಾದ ಊರಿನಲ್ಲೇ ಅರಗಿತು. ಒಂದು ಕೆರೆ ತಪ್ಪಲಿಲ್ಲ, ಒಂದು ಗೋಪುರ ಬಿಡಲಿಲ್ಲ, ಒಂದು ಗಳಿಗೆ ತಡವಾಗಲಿಲ್ಲ. ದಸರೆ ಕಳೆದು ಒಂಬತ್ತನೆಯ ದಿನ, ಪಟ್ಟಿಯಲ್ಲಿ ಯಾವ ಹೊತ್ತಿಗೆ ಎಂದು ಬರೆದಿತ್ತೋ ಅದೇ ಹೊತ್ತಿಗೆ ಅವನ ಗಾಡಿ ಅಕ್ಕನ ಮನೆಯ ಮುಂದೆ ನಿಂತಿತು.

ಅಕ್ಕ ಹೊಸ್ತಿಲಲ್ಲೇ ಇದ್ದಳು. ಗಾಡಿಯ ಕಡೆಗೆ ತಿರುಗಲಿಲ್ಲ.

"ಅಕ್ಕಾ, ನಾನು ಬಂದೆ," ಎಂದ ವರ್ತಕ.

ಅವಳು ಕೈ ಚಾಚಿದಳು. ಅವನು ಬಗ್ಗಿದ. ಅವಳ ಬೆರಳು ಅವನ ತುಟಿಯ ಮೇಲೆ ನಿಂತಿತು.

"ಮೀಸೆ ಬಿಟ್ಟಿದ್ದೀಯಲ್ಲೋ," ಎಂದಳು.

"ಈಗ ನರೆತೂ ಹೋಯಿತು ಅಕ್ಕಾ. ಸ್ವಲ್ಪವೂ ಕಾಣುವುದಿಲ್ಲವೇ?"

"ಇಲ್ಲಪ್ಪ. ಬೆಳಕು ಇದ್ದಾಗ ನಿನ್ನ ಪಕ್ಕದ ಮನೆಯವನನ್ನು ನೋಡಿದ್ದೇನೆ. ನಿನ್ನ ದನಿಗೆ ಆ ಮುಖವನ್ನೇ ಇಟ್ಟುಕೊಳ್ಳುತ್ತೇನೆ ಬಿಡು. ಒಳ್ಳೆಯ ಮುಖ. ಹೋಗು, ಕೈಕಾಲು ತೊಳೆದುಕೊಂಡು ಊಟಕ್ಕೆ ಬಾ."

ಗುರುಗಳು ಇಷ್ಟು ಹೇಳಿ ಹಾಳೆಗಳನ್ನು ಶಿಷ್ಯನಿಗೆ ಹಿಂದಿರುಗಿಸಿದರು.

ಪಂಚಾಕ್ಷರಿ ಕೇಳಿದ. "ಹಾಗಾದರೆ ಅವನ ಪಟ್ಟಿಯಲ್ಲಿ ಏನು ಬಿಟ್ಟುಹೋಗಿತ್ತು ಗುರುಗಳೇ?"

"ಏನೂ ಬಿಟ್ಟುಹೋಗಿರಲಿಲ್ಲ, ಅಕ್ಕನ ಮನೆಯೂ ಅದರಲ್ಲಿ ಇತ್ತು, ಇಪ್ಪತ್ತೊಂದನೆಯದಾಗಿ," ಎಂದರು ಗುರುಗಳು.